ವೃದ್ಧರು ಆಸ್ಪತ್ರೆಯಲ್ಲಿ ತಮ್ಮ ಕಷ್ಟವನ್ನು ಹೇಳುವಂತೆ ಸಹಾಯಮಾಡುವದು

ಕೆಂಗೇರಿಯ ಸುತ್ತಣ ಹಳ್ಳಿಗಳ ವೃದ್ಧರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗುವದುಂಟು. ಕಾರ್ಖಾನೆಯಲ್ಲಿ ದುಡಿಯುವ ಮಗನ ವಿಮೆಯಿಂದ, ಅವನನ್ನೇ ಆಶ್ರಯಿಸಿರುವ ತಂದೆತಾಯಿಗಳಿಗೂ ಚಿಕಿತ್ಸೆ ದೊರೆಯುವದು ದೊಡ್ಡ ಉಪಕಾರವೇ ಸರಿ. ಆದರೂ ಇದರಲ್ಲಿ ಒಂದು ತೊಡಕುಂಟು. ಚಿಕಿತ್ಸೆಯು ಮಗನ ಕೆಲಸದಿಂದ ಬಂದದ್ದು. ಹಿಂದಿರುಗತಕ್ಕದ್ದು ಅವನ ಮನೆಗೇ. ಹೀಗಿರಲಾಗಿ ಹೊಡೆದವನು ಅವನೇ ಆದರೆ, ಪಕ್ಕದಲ್ಲಿ ಅವನು ನಿಂತಿರುವಾಗ ತಾಯಿಯು ಹೇಗೆ ಹೇಳಿಯಾಳು? ಬಚ್ಚಲಲ್ಲಿ ಜಾರಿ ಬಿದ್ದೆನೆಂದು ಅನ್ನುವಳು. ಅನೇಕವೇಳೆ ಅಷ್ಟನ್ನೂ ಆಕೆ ಹೇಳುವದಿಲ್ಲ, ಮಗನೇ ಹೇಳಿಬಿಡುವನು.

ಆದದರಿಂದ ಮೊದಲು ಬೇಕಾದದ್ದು, ಆಕೆಯನ್ನು ಒಂಟಿಯಾಗಿ ಮಾತಾಡಿಸುವದು. ಗಾಯ ಕಟ್ಟುವಾಗ ದಾದಿಯು ಜೊತೆಯವರನ್ನು ಹೊರಗೆ ಕುಳ್ಳಿರಿಸಿದರೆ ಯಾರಿಗೂ ವಿಚಿತ್ರವಾಗಿ ಕಾಣದು. ಸಂಗಡ ಹೋದ ನೆರೆಯವರು ಮಗನನ್ನು ಔಷಧದ ಸಾಲಿಗೆ ಕಳುಹಿಸಿ, ಒಳಗೆ ದಾದಿಯ ಕಿವಿಗೆ ಒಂದು ಮಾತು ಹಾಕಬಹುದು.

ಯಾರು ಹೊಡೆದರೆಂದು ಥಟ್ಟನೆ ಕೇಳಿದರೆ ಬಾಯಿ ಮುಚ್ಚಿಹೋಗುವದು. ಕೆನಡಾ ದೇಶದ ವೈದ್ಯರು ಇದಕ್ಕಾಗಿಯೇ 6 ಪ್ರಶ್ನೆಗಳನ್ನು ಸಿದ್ಧಮಾಡಿ 2008ರಲ್ಲಿ ಪ್ರಕಟಿಸಿದರು. 5 ಪ್ರಶ್ನೆಗಳು ರೋಗಿಗೆ: ಊಟವನ್ನಾಗಲಿ ಔಷಧವನ್ನಾಗಲಿ ಕನ್ನಡಕವನ್ನಾಗಲಿ ಯಾರಾದರೂ ಕೊಡದೆ ತಡೆದರೋ? ನಾಚಿಕೆಪಡಿಸುವ, ಬೆದರಿಸುವ ಮಾತನ್ನಾಡಿದರೋ? ಬಲವಂತದಿಂದ ಕಾಗದಕ್ಕೆ ಸಹಿ ಮಾಡಿಸಿದರೋ? ಹೀಗೆ ಕೇಳಿಕೊಂಡು ಹೋಗುವದು. ಆರನೆಯದಕ್ಕೆ ವೈದ್ಯನು ತನ್ನ ಕಣ್ಣಿನಿಂದಲೇ ಉತ್ತರ ಕಂಡುಕೊಳ್ಳತಕ್ಕದ್ದು. ನಮ್ಮ ಕಡೆಯಲ್ಲಿ ಭೂಮಿಯ ಬೆಲೆ ಏರಿರುವದರಿಂದ ಹೆಬ್ಬೆಟ್ಟಿನ ಪ್ರಶ್ನೆಯನ್ನು ಎಂದಿಗೂ ಬಿಡಬಾರದೆಂದು ನಮಗೆ ತೋರುತ್ತದೆ.

ಕಂಡ ಕಲೆಯೆಲ್ಲಾ ಹೊಡೆತದ ಗುರುತಲ್ಲ. ರಕ್ತವು ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರಿಗೆ ಸ್ವಲ್ಪ ತಗಲಿದರೂ ಚರ್ಮವು ಕಪ್ಪಾಗುವದು.

ಆಕೆ ನಿಜ ಹೇಳಿದಳೆನ್ನೋಣ. ಆಗ ಮಗನನ್ನು ಅಲ್ಲಿಯೇ ಗದರಿಸಲು ಹೋಗಬೇಡಿರಿ. ಆ ರಾತ್ರಿ ಅವನ ಸಂಗಡ ಇರತಕ್ಕವಳು ಆಕೆಯೇ. ಯಾರಿಗೂ ತಿಳಿಸುವದಿಲ್ಲವೆಂದು ಮಾತು ಕೊಡುವದೂ ತಪ್ಪು. "ಅಮ್ಮಾ, ಈ ದಿನ ಮನೆಗೆ ಹೋಗಲು ಭಯವಿದೆಯೋ? ಏನಾಗಬೇಕೆಂದು ನಿಮ್ಮ ಮನಸ್ಸು?" ಎಂದು ಕೇಳಿರಿ. ಆಕೆಯ ಮಾತು ಆಸ್ಪತ್ರೆಯ ದಾಖಲೆಯಲ್ಲಿ ಇರಲಿ, ಮಗನ ಕೈಗೆ ಹೋಗುವ ಚೀಟಿಯಲ್ಲಿ ಬೇಡ.

2007ರ ಹಿರಿಯ ನಾಗರಿಕರ ಕಾಯಿದೆಯ ಪ್ರಕಾರ ತಂದೆತಾಯಿಗಳು ಮಕ್ಕಳಿಂದ ಜೀವನಾಂಶವನ್ನು ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ರದ್ದುಮಾಡಿಸಲೂಬಹುದು. ತಾನೇ ಹೋಗಲಾರದವಳು ಮತ್ತೊಬ್ಬರಿಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ದೇಶಕ್ಕೆಲ್ಲಾ ಇರುವ ವೃದ್ಧರ ಸಹಾಯವಾಣಿಯ ಸಂಖ್ಯೆ 14567. ಅದನ್ನು ಕಾಗದದಲ್ಲಿ ಬರೆದುಕೊಡದೆ, ಆಕೆಗೆ ಬಾಯಿಪಾಠವಾಗುವ ತನಕ ಹೇಳಿಕೊಡಿರಿ.