ಕೈಕಟ್ಟಿ ನಿಲ್ಲುವುದರ ಅರ್ಥ: ಕೊಡೇಕಲ್ ಸೀಮೆ ಮತ್ತು ದಿನಬಳಕೆಯ ದೇಹಭಾಷೆ

ಮಾತಿನ ಜೊತೆಗೆ ಮುಖ, ಕಣ್ಣು, ಕೈ, ನಿಲುವು, ಅಂತರ ಹಾಗೂ ಮೌನಗಳೂ ಅರ್ಥವನ್ನು ಸಾಗಿಸುತ್ತವೆ. ಇವುಗಳ ಒಟ್ಟು ವ್ಯವಸ್ಥೆಯನ್ನು ದೇಹಭಾಷೆ ಅಥವಾ ಆಂಗಿಕ ಭಾಷೆ ಎಂದು ಕರೆಯಲಾಗುತ್ತದೆ. ಸಂವಹನ ಕೌಶಲದ ಹೆಸರಿನಲ್ಲಿ ಇದು ಪದವಿ ತರಗತಿಗಳ ಪಾಠವೂ ಆಗಿದೆ. ಆದರೆ ಆ ಪಾಠದ ಅನೇಕ ಸೂತ್ರಗಳು ಇಂಗ್ಲಿಶ್ ಕೈಪಿಡಿಗಳಿಂದ ಬಂದವು. ಕನ್ನಡ ಸಮುದಾಯಗಳ ಚಲನವಲನಗಳನ್ನು ಅವು ಎಷ್ಟರಮಟ್ಟಿಗೆ ವಿವರಿಸಬಲ್ಲವು ಎಂಬುದನ್ನು ಕೊಡೇಕಲ್ ಸೀಮೆಯನ್ನು ನೆಲೆಯಾಗಿಟ್ಟುಕೊಂಡು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಾಸ್ತ್ರ ಮತ್ತು ಸೂತ್ರ

ದೇಹದ ಚಲನೆಯನ್ನು ವರ್ಗೀಕರಿಸುವ ಪ್ರಯತ್ನ ಭಾರತದಲ್ಲಿ ಹೊಸದಲ್ಲ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ನಾಲ್ಕಾಗಿ ವಿಂಗಡಿಸಿ, ತಲೆಯ 13 ಚಲನೆಗಳನ್ನೂ 36 ಬಗೆಯ ದೃಷ್ಟಿಗಳನ್ನೂ ಹೇಳುತ್ತದೆ. ಆದರೆ ಅದು ರಂಗಭೂಮಿಯ ಶಾಸ್ತ್ರ. ದಿನಬಳಕೆಯ ಚಲನೆಗಳ ವ್ಯವಸ್ಥಿತ ಅಧ್ಯಯನಕ್ಕೆ ರೇ ಬರ್ಡ್‌ವಿಸ್ಟೆಲ್ ಅವರ 1952ರ ಕೃತಿ ಬುನಾದಿ ಹಾಕಿತು. 1969ರಲ್ಲಿ ಪಾಲ್ ಎಕ್ಮನ್ ಮತ್ತು ವ್ಯಾಲೆಸ್ ಫ್ರೀಸನ್ ಅವರು ಚಲನೆಗಳನ್ನು ಐದು ವರ್ಗಗಳಲ್ಲಿಟ್ಟರು. ಮಾತಿಗೆ ಬದಲಾಗಿ ನಿಲ್ಲುವ ಸನ್ನೆಗಳು ಆಯಾ ಸಂಸ್ಕೃತಿಯಲ್ಲಿ ಕಲಿತು ಬರುವಂಥವು ಎಂಬುದು ಅವರ ವಿಂಗಡಣೆಯ ಮುಖ್ಯ ಅಂಶ.

ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ 7-38-55ರ ಲೆಕ್ಕವನ್ನು ಇಲ್ಲಿ ಪರಿಶೀಲಿಸಬೇಕು. ಸಂವಹನದಲ್ಲಿ ಮಾತಿನ ಪಾಲು ಶೇ. 7 ಮಾತ್ರ, ಉಳಿದದ್ದು ದನಿ ಮತ್ತು ಮುಖಭಾವದ್ದು ಎಂದು ಇದನ್ನು ಬೋಧಿಸಲಾಗುತ್ತದೆ. ಆಲ್ಬರ್ಟ್ ಮೆಹ್ರಾಬಿಯನ್ ಅವರ 1967ರ ಪ್ರಯೋಗಗಳು ಒಂಟಿ ಪದಗಳು, ದನಿಯ ಏರಿಳಿತ ಹಾಗೂ ಮುಖದ ಚಿತ್ರಗಳನ್ನು ಆಧರಿಸಿದ್ದವು. ಮಾತಿಗೂ ಭಾವಕ್ಕೂ ಹೊಂದಿಕೆಯಿಲ್ಲದಾಗ ಕೇಳುಗರು ಇಷ್ಟಾನಿಷ್ಟಗಳನ್ನು ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ವಿಷಯ. ಇದು ಎಲ್ಲ ಸಂವಹನಕ್ಕೂ ಅನ್ವಯಿಸುವುದಿಲ್ಲ ಎಂದು ಸ್ವತಃ ಮೆಹ್ರಾಬಿಯನ್ ಅವರೇ ಸ್ಪಷ್ಟಪಡಿಸಿದ್ದಾರೆ.

ಕನ್ನಡ ನುಡಿಗಟ್ಟುಗಳ ಸಾಕ್ಷ್ಯ

ಕನ್ನಡಿಗರು ದೇಹವನ್ನು ಓದುವ ಬಗೆಗೆ ಭಾಷೆಯೇ ಒಳ್ಳೆಯ ಆಕರ. ತಲೆಬಾಗು ಎಂದರೆ ಒಪ್ಪಿ ಶರಣಾಗು. ತಲೆತಗ್ಗಿಸು ಎಂದರೆ ನಾಚು. ತಲೆದೂಗು ಎಂದರೆ ಮೆಚ್ಚು. ತಲೆಯೆತ್ತು ಎಂದರೆ ಏಳಿಗೆ ಹೊಂದು. ಉತ್ತರ ಕರ್ನಾಟಕದಲ್ಲಿ ಗೋಣು ಹಾಕು ಎಂದರೆ ಸಮ್ಮತಿಸು. ಅಂಗ ಒಂದೇ, ಕ್ರಿಯಾಪದ ಬದಲಾದಂತೆ ಸಾಮಾಜಿಕ ಅರ್ಥ ಬದಲಾಗುತ್ತದೆ. ಕೋಲೆಬಸವನಂತೆ ತಲೆಯಾಡಿಸುವುದು ಎಂಬ ಮಾತಂತೂ ತಲೆಯಾಡಿಸಿದ ಮಾತ್ರಕ್ಕೆ ತಿಳಿದಂತಾಗಲಿಲ್ಲ ಎಂಬ ಎಚ್ಚರವನ್ನೇ ಒಳಗೊಂಡಿದೆ.

ಕೈಕಟ್ಟುವ ನಿಲುವು ಇನ್ನೂ ಗಮನಾರ್ಹವಾದುದು. ಕೈಕಟ್ಟಿ ನಿಲ್ಲು ಎಂಬಲ್ಲಿ ವಿಧೇಯತೆಯಿದೆ, ಕೈಕಟ್ಟಿ ಕೂರು ಎಂಬಲ್ಲಿ ನಿಷ್ಕ್ರಿಯತೆಯಿದೆ. 1893ರ ಷಿಕಾಗೋ ಕಾಲದ ವಿವೇಕಾನಂದರ ಪ್ರಸಿದ್ಧ ಚಿತ್ರದಲ್ಲಿ ಕಟ್ಟಿದ ಕೈಗಳು ಆತ್ಮವಿಶ್ವಾಸದ ಗುರುತಾಗಿವೆ. ಅಲನ್ ಪೀಸ್ ಅವರ 1981ರ ಜನಪ್ರಿಯ ಕೈಪಿಡಿಯಾದರೋ ಇದೇ ಭಂಗಿಯನ್ನು ಎದುರಿನವರಿಗೆ ಒಡ್ಡಿದ ತಡೆಯೆಂದು ಓದುತ್ತದೆ. ಭಂಗಿಯೊಂದಕ್ಕೆ ಸಂದರ್ಭದಿಂದ ಬೇರ್ಪಟ್ಟ ಸ್ಥಿರವಾದ ಅರ್ಥವಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಕೊಡೇಕಲ್ ಸೀಮೆ: ಗೌರವ, ಅಂಜಿಕೆ, ಮೌನ

ಹಿಂದೆ ಸುರಪುರ ತಾಲೂಕಿನಲ್ಲಿದ್ದ ಕೊಡೇಕಲ್ ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲೂಕಿಗೆ ಸೇರಿದೆ. ಕೊಡೇಕಲ್ ಬಸವಣ್ಣನ ಕಾಲಜ್ಞಾನ ಪರಂಪರೆಯಿಂದ ಹೆಸರಾದ ಊರಿದು. ಕಾಲಜ್ಞಾನದ ನಿಗೂಢ ನುಡಿಯನ್ನು ಆ ಸಂಪ್ರದಾಯದ ಒಳಗಿನ ತಿಳಿವಿಲ್ಲದೆ ಬಿಡಿಸಲಾಗದು. ಸುರಪುರ ತಾಲೂಕಿನ ತಿಂಥಣಿಯ ಮೌನೇಶ್ವರನ ಹೆಸರಿನಲ್ಲಿಯೇ ಮೌನವಿದೆ. ಮಾತಿಗಿಂತ ಆಚೆಗಿನ ಅರ್ಥವನ್ನು ಬಲ್ಲ ಈ ನೆಲದಲ್ಲಿ ವಿದ್ಯಾರ್ಥಿಯ ಮೌನವನ್ನು ದಡ್ಡತನವೆಂದು ಓದುವುದು ಅವಸರದ ತೀರ್ಮಾನವಾಗುತ್ತದೆ.

ಈ ಭಾಗದ ಹಳ್ಳಿಗಳಲ್ಲಿ ಹಿರಿಯರೊಡನೆ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದು ಉದ್ಧಟತನವೆನಿಸಬಹುದು. ಹಿರಿಯರು ಬಂದಾಗ ಕಟ್ಟೆಯಿಂದ ಏಳುವುದು, ಹೆಂಗಸರು ತಲೆಯ ಮೇಲೆ ಸೆರಗೆಳೆದುಕೊಳ್ಳುವುದು, ಕೊಡುವಾಗ ಬಲಗೈ ಚಾಚುವುದು ಇವೆಲ್ಲ ಹೇಳಿಕೊಡದೆ ಬರುವ ಪಾಠಗಳು. ಶಾಲೆಯೂ ಇದಕ್ಕೆ ಕೂಡಿಸಿದೆ. ಕೈಕಟ್ಟು, ಬಾಯಿಮುಚ್ಚು ಎಂಬ ಆಜ್ಞೆಯನ್ನು ಒಂದನೆಯ ತರಗತಿಯಿಂದ ಪಾಲಿಸಿ ಬಂದ ವಿದ್ಯಾರ್ಥಿಗೆ ಪದವಿ ತರಗತಿಯಲ್ಲಿ ಅದೇ ಕೈಕಟ್ಟು ದೋಷವೆಂದು ತಿಳಿಸಲಾಗುತ್ತದೆ.

ಆದರೆ ಇವೆಲ್ಲವನ್ನೂ ಸಂಸ್ಕೃತಿಯೆಂದು ಕೊಂಡಾಡುವಂತಿಲ್ಲ. ಮೇಲ್ಜಾತಿಯವರ ಮುಂದೆ ಚಪ್ಪಲಿ ಕಳಚುವುದು, ಹೆಗಲ ವಲ್ಲಿಯನ್ನು ಕೆಳಗಿಳಿಸುವುದು, ದೂರ ನಿಂತು ಮಾತಾಡುವುದು ಜಾತಿವ್ಯವಸ್ಥೆ ದೇಹದ ಮೇಲೆ ಹೇರಿದ ಶಿಸ್ತು. ಹನ್ನೆರಡನೆಯ ಶತಮಾನದ ಶರಣರು ಪರಸ್ಪರ ಶರಣೆಂದು ಬಾಗುವ ರೂಢಿಯನ್ನು ತಂದಾಗ ಬಗ್ಗುವ ಕ್ರಿಯೆ ಉಳಿಯಿತು, ಆದರೆ ಅದರ ಏಕಮುಖತೆ ಹೋಯಿತು. ಆದುದರಿಂದ ತಗ್ಗಿದ ತಲೆಯೊಂದನ್ನು ಕಂಡಾಗ ಅದು ಗೌರವವೋ ಅಂಜಿಕೆಯೋ ಎಂದು ಕೇಳಿಕೊಳ್ಳುವುದು ಅಧ್ಯಯನಕಾರರ ಹಾಗೂ ಅಧ್ಯಾಪಕರ ಹೊಣೆ.

ಈ ಹೊಣೆಗೆ ಪ್ರಾಯೋಗಿಕ ಮಹತ್ವವೂ ಇದೆ. ಸಂವಿಧಾನದ 371(ಜೆ) ವಿಧಿಯು 2013ರಲ್ಲಿ ಜಾರಿಗೆ ಬಂದು ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಬಾಗಿಲು ತೆರೆಯಿತು. ಒಳಗೆ ಸಂದರ್ಶನದ ಕೋಣೆಯಿದ್ದರೆ ಅಲ್ಲಿ ಅಂಕ ಕೊಡುವವರು ನೆಲ ನೋಡುವ ಕಣ್ಣನ್ನು ಅಪ್ರಾಮಾಣಿಕತೆಯೆಂದೋ ಅನಾಸಕ್ತಿಯೆಂದೋ ಬಗೆದಲ್ಲಿ, ತಿಳಿವಿದ್ದವನೂ ಹೊರಗುಳಿಯಬೇಕಾಗುತ್ತದೆ.

ಬಳಕೆಯ ದಾರಿಗಳು

ತರಗತಿಯಲ್ಲಿ ದೇಹಭಾಷೆಯನ್ನು ಬಳಸುವಾಗ ಕೆಲವು ಅಂಶಗಳು ಉಪಯುಕ್ತ. ಮೊದಲನೆಯದಾಗಿ, ಒಂದು ಸನ್ನೆಯನ್ನು ಪ್ರತ್ಯೇಕವಾಗಿ ಓದದೆ ದನಿ, ಸಂದರ್ಭ, ಸಂಬಂಧಗಳೊಡನೆ ಓದಬೇಕು. ಎರಡನೆಯದಾಗಿ, ಆ ವ್ಯಕ್ತಿಯ ಎಂದಿನ ರೀತಿಯನ್ನು ಗಮನಿಸಿ, ಅದರಿಂದ ಆದ ಬದಲಾವಣೆಗೆ ಬೆಲೆ ಕೊಡಬೇಕು. ದಿನವೂ ತಲೆತಗ್ಗಿಸುವವರು ತಲೆತಗ್ಗಿಸುವುದರಲ್ಲಿ ಹೊಸ ಸುದ್ದಿಯಿಲ್ಲ. ಮೂರನೆಯದಾಗಿ, ತಲೆಯಾಡಿಕೆಯನ್ನು ನಂಬದೆ, ಕೇಳಿದ್ದನ್ನು ವಿದ್ಯಾರ್ಥಿ ತನ್ನ ಮಾತಿನಲ್ಲಿ ಹೇಳುವಂತೆ ಮಾಡಬೇಕು. ನಾಲ್ಕನೆಯದಾಗಿ, ಅಧ್ಯಾಪಕರ ದೇಹವೂ ಮಾತಾಡುತ್ತದೆ. ವೇದಿಕೆಯಿಂದ ಇಳಿದು ಹಿಂದಿನ ಬೆಂಚಿನ ಬಳಿ ನಿಲ್ಲುವುದರಿಂದ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಮೌನವಾಗಿ ಕಾಯುವುದರಿಂದ ಅಂಜಿಕೆ ಸಡಿಲಗೊಳ್ಳುತ್ತದೆ. ಕೊನೆಯದಾಗಿ, ಸಂದರ್ಶನದಲ್ಲಿ ಬೇಕಾಗುವ ನೇರ ನೋಟವನ್ನು ಕಲಿಸಬೇಕು. ಆದರೆ ಮನೆಯ ರೀತಿ ತಪ್ಪೆಂದು ಹೇಳದೆ, ಅದನ್ನು ಮತ್ತೊಂದು ನುಡಿಯೆಂಬಂತೆ ಕಲಿಸಬೇಕು. ಮನೆಯ ಕನ್ನಡವನ್ನೂ ಪುಸ್ತಕದ ಕನ್ನಡವನ್ನೂ ಬಳಸಬಲ್ಲವರಿಗೆ ಎರಡು ಬಗೆಯ ದೇಹಭಾಷೆಗಳೂ ದಕ್ಕುತ್ತವೆ.

ಯಾದಗಿರಿಯ ನೆರೆಯ ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅವರ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡಿಗರನ್ನು ಹದವರಿತು ಮಾತಾಡುವುದರ ಜೊತೆಗೆ ಆಡಿದ್ದನ್ನು ಅರಿತು ವಿಚಾರಿಸುವುದಕ್ಕಾಗಿಯೂ ಮೆಚ್ಚಿದೆ. ಆಡದೆ ಉಳಿದುದನ್ನೂ ಅರಿಯುವಷ್ಟು ಈ ಗುಣವನ್ನು ಬೆಳೆಸಿಕೊಳ್ಳುವುದು ಇಂದಿನ ಕನ್ನಡ ತರಗತಿಯ ಅಗತ್ಯವಾಗಿದೆ. ಕೊಡೇಕಲ್ಲಿನಂಥ ಊರುಗಳ ಸನ್ನೆ, ನಿಲುವು, ನುಡಿಗಟ್ಟುಗಳನ್ನು ಸಂಗ್ರಹಿಸಿ ಕನ್ನಡದ್ದೇ ಆದ ಸಂವಹನ ಪಠ್ಯವನ್ನು ರೂಪಿಸಿದಾಗ ಅದಕ್ಕೆ ಭದ್ರವಾದ ಬುನಾದಿ ದೊರೆಯುತ್ತದೆ.