ದಂಡ ಕಟ್ಟಿದರೂ ಮುಗಿಯದ ಕೇಸು

ಲಾರಿ ಓಡಿಸುತ್ತ ಮೊಬೈಲ್ ಹಿಡಿದು ಸಿಕ್ಕಿಬಿದ್ದ ಚಾಲಕರು ಅವತ್ತೇ ವಕೀಲರ ಹತ್ತಿರ ಬರುವುದಿಲ್ಲ. ದಂಡ ಕಟ್ಟಿ, ರಶೀದಿ ಜೇಬಿಗೆ ಹಾಕಿಕೊಂಡು ಲೋಡು ಇಳಿಸಲು ಹೋಗುತ್ತಾರೆ. ಬರುವುದು ತಿಂಗಳುಗಟ್ಟಲೆ ಕಳೆದ ಮೇಲೆ, ಡಿಎಲ್ ಅಮಾನತಾಗಿದೆ ಎಂದು ಗೊತ್ತಾದಾಗ ಅಥವಾ ಅಪಘಾತವಾಗಿ ವಿಮಾ ಕಂಪನಿ ಕೈ ಎತ್ತಿದಾಗ. "ದಂಡ ಕಟ್ಟಿದ್ದೆನಲ್ಲ ಸಾರ್, ಮತ್ತೇನು?" ಎಂದು ಕೇಳುತ್ತಾರೆ. ಉತ್ತರ ಹೇಳುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಅದಕ್ಕೇ ಈ ಲೇಖನ.

ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. 2019ರ ತಿದ್ದುಪಡಿಯಿಂದ, ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದನ್ನೂ ಅದರೊಳಗೆ ಸೇರಿಸಿದ್ದಾರೆ. ಮೊದಲ ಸಲಕ್ಕೆ 5,000 ರೂಪಾಯಿವರೆಗೆ ದಂಡ, ಮೂರು ವರ್ಷದೊಳಗೆ ಮತ್ತೆ ಸಿಕ್ಕಿದರೆ 10,000. ಪ್ರಕರಣ ಕೋರ್ಟಿಗೆ ಹೋದರೆ ಜೈಲು ಶಿಕ್ಷೆಗೂ ಅವಕಾಶವಿದೆ. ದಾರಿ ನೋಡಲು ಮಾತ್ರ ಮೊಬೈಲ್ ಬಳಸಬಹುದು, ಅದೂ ಗಮನ ಕೆಡದಂತೆ. 2020ರ ಅಕ್ಟೋಬರಿನಿಂದ ನಿಯಮವೇ ಹಾಗೆ ಹೇಳುತ್ತದೆ. ಡ್ಯಾಶ್‌ಬೋರ್ಡಿನ ಸ್ಟ್ಯಾಂಡಿಗೆ ಸಿಕ್ಕಿಸಿ ಮ್ಯಾಪ್ ನೋಡುವುದು ಬೇರೆ, ಸ್ಟೇರಿಂಗ್ ಮೇಲೆ ಇಟ್ಟುಕೊಂಡು ವಿಡಿಯೋ ನೋಡುವುದು ಬೇರೆ. ಇನ್ನು ಬ್ಲೂಟೂತ್‌ನಲ್ಲಿ ಮಾತಾಡಿದೆ, ಹಾಗಾಗಿ ಬಚಾವು ಎಂದು ಯಾರೂ ನಂಬಿಕೊಳ್ಳಬೇಡಿ. ಮಾತಿನ ಗುಂಗಿನಲ್ಲಿ ಗುದ್ದಿದರೆ ನಿರ್ಲಕ್ಷ್ಯದ ಕೇಸು ಆಗಿಯೇ ಆಗುತ್ತದೆ, ಕರೆ ಬಂದ ನಿಮಿಷ ಯಾವುದೆಂದು ಫೋನ್ ದಾಖಲೆಯೇ ಹೇಳುತ್ತದೆ.

ಈಗ ಅಸಲಿ ಹಳ್ಳದ ವಿಷಯಕ್ಕೆ ಬರುತ್ತೇನೆ. ದಂಡ ಕಟ್ಟಿ ರಾಜಿ ಮಾಡಿಕೊಂಡರೂ ಡಿಎಲ್ ಮೇಲಿನ ಕ್ರಮ ಅಲ್ಲಿಗೆ ಮುಗಿಯುವುದಿಲ್ಲ ಎಂದು 200ನೇ ಕಲಂ ನೇರವಾಗಿ ಹೇಳುತ್ತದೆ. ಕಟ್ಟಿದ ಆ ದಂಡವೇ 'ಮೊದಲ ಅಪರಾಧ' ಎಂದು ಲೆಕ್ಕಕ್ಕೆ ಸೇರುತ್ತದೆ. ಪೊಲೀಸರು 206(4)ರ ಪ್ರಕಾರ ಡಿಎಲ್ ವಶಪಡಿಸಿಕೊಂಡು ಆರ್‌ಟಿಓಗೆ ಕಳಿಸಿದರೆ, ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹತೆ. ಎರಡನೇ ಸಲಕ್ಕೆ ಡಿಎಲ್ಲೇ ರದ್ದು. ಓಡಿಸುವುದೇ ಹೊಟ್ಟೆಪಾಡಾದವನಿಗೆ ಇದರ ಮುಂದೆ 5,000 ಯಾವ ಲೆಕ್ಕ? ಇಷ್ಟು ದೊಡ್ಡ ವಿಷಯವನ್ನು ದಂಡ ವಸೂಲಿ ಮಾಡುವವರು ಒಂದು ಮಾತಿನಲ್ಲೂ ಹೇಳುವುದಿಲ್ಲ. "ಕಟ್ಟಿ ಹೋಗ್ತಾ ಇರು" ಎನ್ನುತ್ತಾರೆ. ಇದು ನನಗೆ ಸಿಟ್ಟು ತರಿಸುತ್ತದೆ.

ಹಾಗಾದರೆ ಏನು ಮಾಡಬೇಕು? ಡಿಎಲ್ ತೆಗೆದುಕೊಂಡರೆ ಸ್ವೀಕೃತಿ ಪತ್ರ ಕೇಳಿ. ಅದು ಉಪಕಾರವಲ್ಲ, 206(3)ರ ಪ್ರಕಾರ ಕೊಡಲೇಬೇಕಾದ ಕಾಗದ. ಡಿಎಲ್ ಕೈಗೆ ಬರುವವರೆಗೆ, ಇಲ್ಲವೇ ಅದರಲ್ಲಿ ಬರೆದ ದಿನದವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಅದನ್ನಿಟ್ಟುಕೊಂಡು ಓಡಿಸಬಹುದು. ಆ ದಿನ ದಾಟಿದರೆ ಆ ಕಾಗದಕ್ಕೆ ಬೆಲೆಯಿಲ್ಲ. ಕಾಗದ ಕೊಡದೆ ಡಿಎಲ್ ಜೇಬಿಗಿಳಿಸಿ "ನಾಳೆ ಸ್ಟೇಷನ್‌ಗೆ ಬಾ" ಎಂದರೆ ಅಧಿಕಾರಿಯ ಹೆಸರು, ಜಾಗ, ಸಮಯ ಬರೆದಿಟ್ಟುಕೊಂಡು ಮೇಲಧಿಕಾರಿಗೆ ಲಿಖಿತ ದೂರು ಕೊಡಿ. ಚಲನ್‌ನಲ್ಲಿ ಯಾವ ಕಲಂ ಬರೆದಿದ್ದಾರೆ ನೋಡಿ. ನೀವು ಮೊಬೈಲ್ ಹಿಡಿದೇ ಇರಲಿಲ್ಲ, ಅದು ಸ್ಟ್ಯಾಂಡಿನಲ್ಲಿತ್ತು ಎಂದಾದರೆ ತಗಾದೆ ಬೇಡವೆಂದು ಸುಮ್ಮನೆ ದಂಡ ಕಟ್ಟಬೇಡಿ. ಕೋರ್ಟಿನಲ್ಲಿ ಹೇಳುತ್ತೇನೆ ಎನ್ನಿ. ನಿಜವಾಗಿ ಹಿಡಿದಿದ್ದರೆ ಮಾತ್ರ ಕಟ್ಟುವುದೇ ವಾಸಿ, ಆದರೆ ಮುಂದಿನ ನೋಟಿಸಿಗೆ ಸಿದ್ಧರಿರಿ.

ನೋಟಿಸು ಹೋಗುವುದು ಡಿಎಲ್‌ನಲ್ಲಿರುವ ವಿಳಾಸಕ್ಕೆ. ಹಿರಿಯೂರಿನ ಹುಡುಗ ನೆಲಮಂಗಲದಲ್ಲಿ ಬಾಡಿಗೆ ಮನೆ ಮಾಡಿ, ತಿಂಗಳ ಮುಕ್ಕಾಲು ಪಾಲು ಲಾರಿಯಲ್ಲೇ ಮಲಗುತ್ತಾನೆ. ಊರಿನಲ್ಲಿ ಆ ಲಕೋಟೆ ಅವ್ವನ ಟ್ರಂಕಿನಲ್ಲಿ ಸೇರಿರುತ್ತದೆ. ವಿಚಾರಣೆಗೆ ಹಾಜರಾಗದಿದ್ದರೆ ಆರ್‌ಟಿಓ ಏಕಪಕ್ಷೀಯವಾಗಿ ಆದೇಶ ಮಾಡುತ್ತಾರೆ. ಹಾಗಾಗಿ ವಿಳಾಸ, ಫೋನ್ ನಂಬರು ಮೊದಲು ಸರಿಪಡಿಸಿ. ಪರಿವಾಹನ್ ಜಾಲತಾಣದಲ್ಲಿ ಡಿಎಲ್ ಸ್ಥಿತಿಯನ್ನು ಆಗಾಗ ನೋಡಿ. ನೋಟಿಸು ಬಂದರೆ ಉತ್ತರ ಬರವಣಿಗೆಯಲ್ಲಿರಲಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಿಮ್ಮ ಮಾತು ಹೇಳಲು ಅವಕಾಶ ಕೊಡದೆ, ಕಾರಣ ಬರೆಯದೆ ಆದೇಶ ಮಾಡುವಂತಿಲ್ಲ. ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಆರ್‌ಟಿಓ ಗೇಟಿನ ಏಜೆಂಟ್ "ಒಳಗೆ ಹೇಳಿ ಫೈಲ್ ಮುಚ್ಚಿಸ್ತೀನಿ" ಎಂದು ದುಡ್ಡು ತಿಂದು ಆ 30 ದಿನ ಕಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮಾಲೀಕರೇ, ಇದು ಡ್ರೈವರ್ ತಲೆನೋವು ಎಂದು ಕೈತೊಳೆದುಕೊಳ್ಳಬೇಡಿ. ಅಮಾನತಿನ ಅವಧಿಯಲ್ಲಿ ಓಡಿಸಿದವನಿಗೆ 182ನೇ ಕಲಂನಡಿ ಮೂರು ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಆಗ ಅಪಘಾತವಾದರೆ ವಿಮಾ ಕಂಪನಿ ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟರೂ ನಿಮ್ಮಿಂದ ವಸೂಲಿಗೆ ಬರಬಹುದು. ಒಂದೇ ಲಾರಿ, ಅದೂ ಸಾಲದ್ದು, ಇರುವವರಿಗೆ ಇದು ಮನೆ ಹರಾಜಿಗೆ ಬರುವ ದಾರಿ. ಡಿಎಲ್ ಪರಿಶೀಲಿಸಿದ್ದೆ ಎನ್ನುವುದಕ್ಕೆ ಪುರಾವೆ ಇದ್ದರೆ ನಿಮಗೆ ರಕ್ಷಣೆಯಿದೆ. ಹಾಗಾಗಿ ಪ್ರತಿ ತಿಂಗಳು ಆನ್‌ಲೈನ್ ಸ್ಥಿತಿಯ ಪ್ರಿಂಟ್ ತೆಗೆದಿಡಿ.

ಇನ್ನೊಂದು ಮಾತು. ಓಡುತ್ತಿರುವ ಲಾರಿಗೆ ಹೆಚ್ಚು ಫೋನ್ ಮಾಡುವವರು ಮಾಲೀಕರು ಮತ್ತು ಟ್ರಾನ್ಸ್‌ಪೋರ್ಟ್ ಆಫೀಸಿನವರೇ. "ಎಲ್ಲಿದ್ದೀಯಾ, ಟೋಲ್ ದಾಟಿದೆಯಾ" ಎಂದು ಗಂಟೆಗೆ ನಾಲ್ಕು ಸಲ. 184ರ ಅಪರಾಧಕ್ಕೆ ಪ್ರಚೋದನೆ ಕೊಟ್ಟವರಿಗೂ ಅಷ್ಟೇ ಶಿಕ್ಷೆ ಎಂದು 188ನೇ ಕಲಂ ಹೇಳುತ್ತದೆ. ಸಾಬೀತು ಮಾಡುವುದು ಕಷ್ಟ, ನಿಜ. ಆದರೆ "ಓಡಿಸ್ತಾನೇ ಉತ್ತರ ಕೊಡು" ಎಂಬ ವಾಟ್ಸ್ಆ್ಯಪ್ ಸಂದೇಶ ಇದ್ದರೆ ಅಷ್ಟು ಕಷ್ಟವಲ್ಲ. ಕರೆಯನ್ನು ಕ್ಲೀನರ್ ತೆಗೆದುಕೊಳ್ಳಲಿ. ಕ್ಲೀನರ್ ಇಲ್ಲದಿದ್ದರೆ ಲಾರಿ ನಿಲ್ಲಿಸಿದಾಗ ಡ್ರೈವರೇ ಕರೆ ಮಾಡಲಿ. 2025ರವರೆಗೆ ಜಾರಿಯಲ್ಲಿದ್ದ, ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಅನ್ವಯವಾಗುತ್ತಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, ಐದು ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆ ವಿರಾಮ ಕೊಡಬೇಕೆನ್ನುತ್ತಿತ್ತು. ಮಾತಾಡಲು ಅಂಥ ಅರ್ಧ ಗಂಟೆ ಸಾಕು.

ಕೊನೆಯದಾಗಿ, ಮೂರು ತಿಂಗಳು ಕಳೆದ ಮೇಲೆ ಡಿಎಲ್ ತಾನಾಗಿ ಮನೆಗೆ ಬರುವುದಿಲ್ಲ. ಚಾಲಕರ ಪುನರ್ ತರಬೇತಿ ಮುಗಿಸಿದರೆ ಮಾತ್ರ ವಾಪಸ್ಸು. ತರಗತಿಗೆ ಹೋಗದೆಯೇ ಪ್ರಮಾಣಪತ್ರ ಕೊಡಿಸುತ್ತೇವೆ ಎನ್ನುವವರು ಅಲ್ಲೂ ಇದ್ದಾರೆ. ಸುಳ್ಳು ಪ್ರಮಾಣಪತ್ರ ಸಿಕ್ಕಿಬಿದ್ದರೆ ಆಗುವುದು ವಂಚನೆ ಕೇಸು, ಅದು ದಂಡ ಕಟ್ಟಿ ಬರುವಂಥದ್ದಲ್ಲ.