ಹಟದ ಮಗುವಿಗೆ ಆಟದ ಮನೆ

ಏಪ್ರಿಲ್, ಮೇ ಬಂತು. ಶಾಲೆಗೆ ರಜೆ. ಹೊಸಪೇಟೆಯಲ್ಲಿ ಸುಡುಬಿಸಿಲು. ಮಕ್ಕಳು ಹಗಲೆಲ್ಲ ಮನೆಯಲ್ಲೇ ಇರ್ತಾರೆ.

ಒಂದೊಂದು ಮಗು ಕೂತಲ್ಲಿ ಕೂಡುವುದಿಲ್ಲ. ಹಟ ಮಾಡ್ತದೆ, ಸಾಮಾನು ಎಸೀತದೆ. ಸಿಟ್ಟಿಗೆ ನಾವು "ಹೊರಗೆ ಹೋಗು" ಅಂತೀವಿ. ಹೊರಗೆ ಏನಿದೆ? ಕಂಪ್ಲಿಯಲ್ಲಿ ಹೊಳೆ, ಕಾಲುವೆ. ಸಂಡೂರಿನ ದಾರಿಯಲ್ಲಿ ಅದಿರಿನ ಲಾರಿ. ಒಳಗೆ ಬಿಟ್ಟು ಬೀಗ ಹಾಕಿದರೂ ಅಪಾಯವೇ.

ಮಗುವಿನ ಕೈಗೆ ಕೆಲಸ ಬೇಕು. ಹಂಪಿಯ ಮಂಟಪಗಳಲ್ಲಿ ನೆಲದ ಕಲ್ಲಿನ ಮೇಲೆ ಆಟದ ಮನೆಗಳನ್ನು ಕೊರೆದಿದ್ದಾರೆ. ಹಿಂದಿನವರು ನೆರಳಲ್ಲಿ ಕೂತು ಆಡಿದ್ದಾರೆ. ನಾವೂ ಅಳಗುಳಿ ಆಡಿಸೋಣ. ಸೀಮೆಸುಣ್ಣದಿಂದ ಎರಡು ಸಾಲು ಬರೆಯೋಣ. ಸಾಲಿಗೆ 7 ಮನೆ. ಮನೆಗೆ 5 ಹುಣಸೆ ಬೀಜ. ಮೊದಲು ನಾವೇ ಜೊತೆ ಕೂತು ಆಡೋಣ. ಬೀಜ ಹಂಚುತ್ತಾ ಮಗು ಎಣಿಸಲು ಕಲೀತದೆ. ಬೇಸರ ಬಂದರೆ ಶೇಂಗಾ ಸುಲಿಯಲು ಕೊಡೋಣ. ಮಾಡಿದ್ದಕ್ಕೆ "ಶಹಬ್ಬಾಸ್" ಅನ್ನೋಣ. ಹೊಡೆದರೆ ಹಟ ಹೆಚ್ಚುತ್ತದೆ.

ಸಣ್ಣ ಕೂಸಿನ ಕೈಗೆ ಬೀಜ ಕೊಡಬಾರದು. ಗಂಟಲಿಗೆ ಸಿಕ್ಕೊಳ್ತದೆ.

ಕರೆದರೂ ತಿರುಗದ ಮಗುವನ್ನು ಹಟಮಾರಿ ಅನ್ನಬಾರದು. ಅದಕ್ಕೆ ಕಿವಿ ಕೇಳದೇ ಇರಬಹುದು. ಆಸ್ಪತ್ರೆಗೆ ತೋರಿಸೋಣ.

ಲೆಕ್ಕ ಮಾಡಿ: 14 ಮನೆಗೆ ಒಟ್ಟು ಎಷ್ಟು ಬೀಜ ಬೇಕು?